ಕಫ್ಫಾರಾ: ರಂಜಾನ್ ಉಪವಾಸಭಂಗದ ಪ್ರಾಯಶ್ಚಿತ್ತ

ರಂಜಾನ್ ತಿಂಗಳ ಕಡ್ಡಾಯ ಉಪವಾಸವನ್ನು ಸಕಾರಣವಿಲ್ಲದೆ, ಬೇಕೆಂದೇ ಹಗಲಿನಲ್ಲಿ ಮುರಿದವರಿಗೆ ಇಸ್ಲಾಮೀ ಕರ್ಮಶಾಸ್ತ್ರ ವಿಧಿಸುವ ಪ್ರಾಯಶ್ಚಿತ್ತಕ್ಕೆ ಕಫ್ಫಾರಾ ಎಂದು ಹೆಸರು. ಗುಲಾಮರೊಬ್ಬರ ಬಿಡುಗಡೆ, ಎರಡು ತಿಂಗಳ ಎಡೆಬಿಡದ ಉಪವಾಸ, ಅರವತ್ತು ಬಡವರಿಗೆ ಅನ್ನದಾನ ಇವು ಅದರ ಮೂರು ರೂಪಗಳು. ಆಣೆ ಮುರಿದದ್ದಕ್ಕೆ, ಕೈತಪ್ಪಿ ಆದ ಕೊಲೆಗೆ, ಹಜ್ ದೀಕ್ಷೆಯಲ್ಲಿದ್ದಾಗ ಬೇಟೆಯಾಡಿದ್ದಕ್ಕೆ, ಹೆಂಡತಿಯನ್ನು ತಾಯಿಗೆ ಸಮವೆಂದು ಹೇಳಿ ದೂರವಿಡುವ ಜಿಹಾರ್ ಎಂಬ ಅರಬ್ಬರ ಹಳೆಯ ರೂಢಿಗೆ ಕೂಡ ಬೇರೆ ಬೇರೆ ಕಫ್ಫಾರಾಗಳಿವೆ. ಈ ಲೇಖನ ಉಪವಾಸದ ಕಫ್ಫಾರಾಕ್ಕೆ ಸೀಮಿತವಾಗಿದೆ.

ಪಾರಿಭಾಷಿಕ ಪದಗಳು

ಕಝಾ, ಫಿದ್ಯಾ, ಕಫ್ಫಾರಾ ಈ ಮೂರನ್ನೂ ಆಡುಮಾತಿನಲ್ಲಿ ಒಂದರ ಬದಲು ಇನ್ನೊಂದರಂತೆ ಬಳಸುವುದುಂಟು. ಶಾಸ್ತ್ರದಲ್ಲಿ ಇವು ಬೇರೆ ಬೇರೆ. ತಪ್ಪಿಹೋದ ಒಂದು ದಿನದ ಉಪವಾಸಕ್ಕೆ ಬದಲಾಗಿ ಮುಂದೆ ಒಂದು ದಿನ ಉಪವಾಸವಿರುವುದು ಕಝಾ. ಕಾಯಿಲೆ, ಪ್ರಯಾಣ, ಮುಟ್ಟು ಮೊದಲಾದ ಸಕಾರಣಗಳಿಂದ ಬಿಟ್ಟ ಉಪವಾಸಕ್ಕೆ ಕಝಾ ಮಾತ್ರ ಸಾಕು. ಮುಪ್ಪಿನಿಂದಲೋ ವಾಸಿಯಾಗದ ರೋಗದಿಂದಲೋ ಮುಂದೆಂದೂ ಉಪವಾಸವಿರಲು ಆಗದವರು ದಿನಕ್ಕೊಬ್ಬ ಬಡವನಂತೆ ಕೊಡುವ ಆಹಾರ ಫಿದ್ಯಾ. ಈ ಎರಡರಲ್ಲೂ ಪಾಪದ ಸೋಂಕಿಲ್ಲ. ಕಫ್ಫಾರಾ ಹುಟ್ಟುವುದೇ ಅಪರಾಧದಿಂದ. ಬಹುಸಂಖ್ಯೆಯ ವಿದ್ವಾಂಸರ ಪ್ರಕಾರ ಅದು ಕಝಾದ ಬದಲಿಗೆ ಬರುವುದಲ್ಲ. ಕಝಾದ ಮೇಲೆ ಬೀಳುವ ಹೆಚ್ಚುವರಿ ಹೊಣೆ. ಉಪವಾಸ ಮುರಿದವರು ಅಂದಿನ ಸೂರ್ಯಾಸ್ತದವರೆಗೆ ಅನ್ನನೀರು ಮುಟ್ಟದೆ ಇರಬೇಕೆಂಬ ನಿಯಮವೂ ಇದೆ. ಅದಕ್ಕೆ ಇಮ್ಸಾಕ್ ಎನ್ನುತ್ತಾರೆ. ಅದರಿಂದ ಆ ದಿನದ ಉಪವಾಸ ಊರ್ಜಿತವಾಗುವುದಿಲ್ಲ.

ಮೂಲ

ರಂಜಾನ್ ಉಪವಾಸ ಕಡ್ಡಾಯವಾದದ್ದು ಹಿಜರಿ 2ರಲ್ಲಿ, ಅಂದರೆ ಕ್ರಿ.ಶ. 624ರ ಸುಮಾರಿಗೆ, ಮದೀನಾದಲ್ಲಿ. ಕುರ್‌ಆನಿನ ಎರಡನೆಯ ಅಧ್ಯಾಯದ 183ರಿಂದ 187ರವರೆಗಿನ ಸೂಕ್ತಗಳು ಉಪವಾಸದ ಕಾಲ, ವಿನಾಯಿತಿ, ಫಿದ್ಯಾ ಇವನ್ನು ಹೇಳುತ್ತವೆ. ರಾತ್ರಿ ಹೊತ್ತು ಊಟಕ್ಕೂ ದಾಂಪತ್ಯ ಸಂಪರ್ಕಕ್ಕೂ ಅನುಮತಿ ಕೊಡುತ್ತವೆ. ಬೇಕೆಂದೇ ಉಪವಾಸ ಮುರಿದರೆ ಏನು ಪ್ರಾಯಶ್ಚಿತ್ತ ಎಂಬ ಮಾತು ಅಲ್ಲಿ ಇಲ್ಲ. ಆಣೆ, ಕೊಲೆ, ಜಿಹಾರ್, ಬೇಟೆ ಇವುಗಳ ಕಫ್ಫಾರಾ ಕುರ್‌ಆನಿನಲ್ಲಿಯೇ ಬಂದಿದ್ದರೆ, ಉಪವಾಸದ ಕಫ್ಫಾರಾ ಪೂರ್ತಿಯಾಗಿ ಹದೀಸಿನ (ಪ್ರವಾದಿಯ ನಡೆನುಡಿಗಳ ವರದಿಗಳ) ಮೇಲೆ ನಿಂತಿದೆ. ಹದೀಸಿನಲ್ಲಿಯೂ ಮುಖ್ಯ ಆಧಾರ ಒಂದೇ ಒಂದು ಘಟನೆ.

ಬುಖಾರಿ ಮತ್ತು ಮುಸ್ಲಿಂ ಸಂಗ್ರಹಗಳೆರಡರಲ್ಲಿಯೂ ಇರುವ, ಪ್ರವಾದಿಯ ಸಂಗಾತಿ ಅಬೂ ಹುರೈರಾ ವರದಿ ಮಾಡಿರುವ ಆ ಘಟನೆ ಹೀಗಿದೆ. ಒಬ್ಬ ವ್ಯಕ್ತಿ ಪ್ರವಾದಿ ಮುಹಮ್ಮದರ ಬಳಿ ಬಂದು ತಾನು ಹಾಳಾದೆನೆಂದು ಗೋಳಾಡುತ್ತಾನೆ. ರಂಜಾನಿನ ಹಗಲಿನಲ್ಲಿ ಹೆಂಡತಿಯನ್ನು ಕೂಡಿದ್ದು ಅವನ ತಪ್ಪು. ಗುಲಾಮನೊಬ್ಬನನ್ನು ಬಿಡುಗಡೆ ಮಾಡಲಾದೀತೇ ಎಂದು ಪ್ರವಾದಿ ಕೇಳುತ್ತಾರೆ, ಆಗದು. ಎರಡು ತಿಂಗಳು ಸತತವಾಗಿ ಉಪವಾಸವಿರಲಾದೀತೇ? ಆಗದು. ಅರವತ್ತು ಬಡವರಿಗೆ ಉಣಿಸಲಾದೀತೇ? ಅದೂ ಆಗದು. ಅಷ್ಟರಲ್ಲಿ ಯಾರೋ ಒಂದು ಬುಟ್ಟಿ ಖರ್ಜೂರ ತಂದುಕೊಡುತ್ತಾರೆ. ಅದನ್ನು ದಾನ ಮಾಡೆಂದು ಪ್ರವಾದಿ ಹೇಳಿದಾಗ, ಮದೀನಾದಲ್ಲಿ ತನ್ನ ಮನೆಯವರಿಗಿಂತ ಬಡವರು ಯಾರೂ ಇಲ್ಲವೆಂದು ಆತ ಹೇಳುತ್ತಾನೆ. ಪ್ರವಾದಿ ನಕ್ಕು, ಹಾಗಾದರೆ ನಿನ್ನ ಮನೆಯವರಿಗೇ ಉಣಿಸು ಎನ್ನುತ್ತಾರೆ. ಆ ವ್ಯಕ್ತಿಯ ಹೆಸರು ಹದೀಸಿನಲ್ಲಿ ಇಲ್ಲ. ಸಲಮಾ ಇಬ್ನ್ ಸಖ್ರ್ ಎಂದು ಕೆಲವು ವ್ಯಾಖ್ಯಾನಕಾರರು ಗುರುತಿಸಿದ್ದಾರೆ, ಅದು ಸರ್ವಸಮ್ಮತವಲ್ಲ. ಪ್ರವಾದಿಯ ಪತ್ನಿ ಆಯಿಶಾ ಅವರ ವರದಿಯೊಂದೂ ಇದೆ. ಅದರಲ್ಲಿ ದಾನದ ಮಾತಷ್ಟೇ ಬರುತ್ತದೆ.

ಮೂರು ಮೆಟ್ಟಿಲುಗಳ ಈ ಕ್ರಮ ಕುರ್‌ಆನಿನ 58ನೆಯ ಅಧ್ಯಾಯದ ಜಿಹಾರ್ ಪ್ರಾಯಶ್ಚಿತ್ತಕ್ಕೆ ಅಕ್ಷರಶಃ ಹೊಂದುತ್ತದೆ. ಹಾಗಾಗಿ ಸಣ್ಣಪುಟ್ಟ ವಿವರಗಳಲ್ಲಿ ನ್ಯಾಯಶಾಸ್ತ್ರಜ್ಞರು ಜಿಹಾರ್‌ನ ನಿಯಮಗಳನ್ನೇ ಇಲ್ಲಿಗೂ ತಂದರು. ಈ ಹದೀಸಿನ ಮೇಲೆ ನಡೆದ ಚರ್ಚೆ ಅಪಾರ. ಅದೊಂದನ್ನೇ ಹಿಡಿದು ಎರಡು ಸಂಪುಟ ಬರೆದು ಸಾವಿರದ ಒಂದು ಅಂಶಗಳನ್ನು ಹೆಕ್ಕಿದ ವಿದ್ವಾಂಸರೊಬ್ಬರಿದ್ದರೆಂದು ಬುಖಾರಿಯ ವ್ಯಾಖ್ಯಾನಕಾರ ಇಬ್ನ್ ಹಜರ್ ಅಸ್ಖಲಾನಿ (ಮರಣ 1449) ದಾಖಲಿಸಿದ್ದಾರೆ.

ಎರಡು ಪಾಠಗಳು

ಈ ವರದಿ ಅಬೂ ಹುರೈರಾರಿಂದ ಹುಮೈದ್ ಇಬ್ನ್ ಅಬ್ದುರ್ರಹ್ಮಾನ್, ಅವರಿಂದ ಇಬ್ನ್ ಶಿಹಾಬ್ ಝುಹ್ರಿ (ಮರಣ 742), ಅವರಿಂದ ಅನೇಕ ಶಿಷ್ಯರ ಮೂಲಕ ಹರಡಿತು. ಶಿಷ್ಯರಲ್ಲಿ ಹೆಚ್ಚಿನವರು ತಪ್ಪು ಸಂಭೋಗವೆಂದು ಸ್ಪಷ್ಟವಾಗಿ ಹೇಳುತ್ತಾರೆ. ಮೂರು ವಿಧಿಗಳನ್ನು ‘ಇದಾಗದಿದ್ದರೆ ಅದು’ ಎಂಬ ಕ್ರಮದಲ್ಲಿ ಕೊಡುತ್ತಾರೆ. ಇಮಾಮ್ ಮಾಲಿಕ್ ತಮ್ಮ ಮುವತ್ತಾ ಗ್ರಂಥದಲ್ಲಿ ಕೊಟ್ಟಿರುವ ಪಾಠದಲ್ಲಾದರೋ ಆ ವ್ಯಕ್ತಿ ‘ಉಪವಾಸ ಮುರಿದ’ ಎಂದಷ್ಟೇ ಇದೆ, ಮೂರು ವಿಧಿಗಳ ನಡುವೆ ‘ಅಥವಾ’ ಎಂಬ ಪದವಿದೆ. ಮುಂದಿನ ಶತಮಾನಗಳ ಭಿನ್ನಮತಗಳಲ್ಲಿ ಬಹುಪಾಲು ಇಲ್ಲಿಂದಲೇ ಕವಲೊಡೆದಿವೆ. ಯಾವ ಕೃತ್ಯಕ್ಕೆ ಕಫ್ಫಾರಾ ಎಂಬುದು ಒಂದು ಪ್ರಶ್ನೆ. ಮೂರರಲ್ಲಿ ಆಯ್ಕೆ ಉಂಟೇ, ಇಲ್ಲವೇ ಎಂಬುದು ಇನ್ನೊಂದು. ಇವೆರಡನ್ನೂ ಬೇರ್ಪಡಿಸಿ ನೋಡದೆ ಮದ್‌ಹಬ್‌ಗಳ (ನ್ಯಾಯಪಂಥಗಳ) ನಿಲುವು ಅರ್ಥವಾಗದು.

ಕಾರಣದ ನಿರ್ಣಯ

ಒಂದು ಪ್ರಕರಣದಲ್ಲಿ ತೀರ್ಪಿಗೆ ನಿಜವಾದ ಕಾರಣ ಯಾವುದು, ಆಕಸ್ಮಿಕ ವಿವರ ಯಾವುದು ಎಂದು ಬೇರ್ಪಡಿಸುವ ವಿಧಾನವನ್ನು ಇಸ್ಲಾಮೀ ನ್ಯಾಯಮೀಮಾಂಸೆಯಲ್ಲಿ ತನ್‌ಖೀಹುಲ್ ಮನಾತ್ ಎನ್ನುತ್ತಾರೆ. ಅದಕ್ಕೆ ಪಠ್ಯಗಳಲ್ಲಿ ಕೊಡುವ ಸಿದ್ಧ ಉದಾಹರಣೆಯೇ ಈ ಹದೀಸು. ಬಂದವನು ಅರಬ್ಬನೆಂಬುದು, ಅದು ಇಂಥ ವರ್ಷದ ರಂಜಾನ್ ಎಂಬುದು, ಜೊತೆಗಿದ್ದವಳು ಅವನ ಹೆಂಡತಿ ಎಂಬುದು ಇವೆಲ್ಲ ಕಾರಣವಾಗಲಾರವೆಂಬುದರಲ್ಲಿ ಒಮ್ಮತವಿದೆ. ಆಮೇಲೆ ದಾರಿ ಒಡೆಯುತ್ತದೆ.

ಶಾಫಿಈ ಮತ್ತು ಹಂಬಲಿ ಮದ್‌ಹಬ್‌ಗಳು ಸಂಭೋಗವೇ ಕಾರಣವೆನ್ನುತ್ತವೆ. ಪ್ರಾಯಶ್ಚಿತ್ತವನ್ನು ತರ್ಕದಿಂದ ಬೇರೆ ಕೃತ್ಯಗಳಿಗೆ ಹಿಗ್ಗಿಸಬಾರದೆಂಬುದು ಅವುಗಳ ನಿಲುವು. ಬೇಕೆಂದೇ ಉಂಡವನು ಇವರ ಪ್ರಕಾರ ಮಹಾಪಾಪಿಯೇ. ಪಶ್ಚಾತ್ತಾಪ, ಇಮ್ಸಾಕ್, ಕಝಾ ಮೂರೂ ಅವನಿಗೆ ಕಡ್ಡಾಯ. ಕಫ್ಫಾರಾ ಮಾತ್ರ ಇಲ್ಲ. ಹನಫಿ ಮತ್ತು ಮಾಲಿಕಿ ಮದ್‌ಹಬ್‌ಗಳು ಸಂಭೋಗವನ್ನೂ ಆಕಸ್ಮಿಕ ವಿವರದ ಸಾಲಿಗೆ ಸೇರಿಸಿ, ರಂಜಾನಿನ ಪಾವಿತ್ರ್ಯವನ್ನು ಬೇಕೆಂದೇ ಭಂಗಪಡಿಸಿದ್ದೇ ಕಾರಣವೆಂದು ನಿರ್ಣಯಿಸಿವೆ. ಹಾಗಾಗಿ ಉಂಡರೂ ಕುಡಿದರೂ ಕಫ್ಫಾರಾ ಬರುತ್ತದೆ.

ಹನಫಿಗಳು ಇಲ್ಲಿ ಒಂದು ಗೆರೆ ಎಳೆಯುತ್ತಾರೆ. ಒಳಗೆ ಹೋದ ವಸ್ತು ಆಹಾರವಾಗಿಯೋ ಮದ್ದಾಗಿಯೋ ಸುಖಕ್ಕಾಗಿಯೋ ಜನ ಬಳಸುವಂಥದ್ದಾಗಿರಬೇಕು. ಕಲ್ಲಿನ ಹರಳು ನುಂಗಿದರೆ ಉಪವಾಸ ಮುರಿಯುತ್ತದೆ, ಕಝಾ ಬೇಕು, ಕಫ್ಫಾರಾ ಬೇಡ. ಏಕೆಂದರೆ ಅಪರಾಧ ಪೂರ್ಣವಾಗಿಲ್ಲ. ಬೀಡಿ, ಸಿಗರೇಟು, ಹುಕ್ಕಾ ಸುಖದ ಸಾಲಿಗೆ ಸೇರುವುದರಿಂದ ಅವುಗಳಿಗೆ ಕಫ್ಫಾರಾ ಉಂಟೆಂದು ನಂತರದ ಹನಫಿ ವಿದ್ವಾಂಸರು ಹೇಳಿದ್ದಾರೆ. ಔರಂಗಜೇಬನ ಕಾಲದಲ್ಲಿ ಸಂಕಲಿತವಾದ ಫತಾವಾ ಆಲಂಗೀರಿಯ ಉಪವಾಸದ ಭಾಗ, ಕಝಾ ಮಾತ್ರ ಬೇಕಾದ ಕೃತ್ಯಗಳು ಮತ್ತು ಕಝಾ, ಕಫ್ಫಾರಾ ಎರಡೂ ಬೇಕಾದ ಕೃತ್ಯಗಳು ಎಂದು ಎರಡು ಪಟ್ಟಿಗಳಾಗಿ ಸಾಗುತ್ತದೆ.

ಶಾಫಿಈ ನಿಲುವಿನಿಂದ ಒಂದು ವಿಚಿತ್ರ ಫಲವೂ ಹುಟ್ಟುತ್ತದೆ. ಮೊದಲು ಉಂಡು ಉಪವಾಸ ಮುರಿದು ಆಮೇಲೆ ಸಂಭೋಗಿಸಿದವನಿಗೆ ಕಫ್ಫಾರಾ ಇಲ್ಲ, ಏಕೆಂದರೆ ಆ ಹೊತ್ತಿಗೆ ಕೆಡಿಸಲು ಉಪವಾಸವೇ ಉಳಿದಿರುವುದಿಲ್ಲ. ಹಂಬಲಿಗಳು ಇದನ್ನು ಒಪ್ಪುವುದಿಲ್ಲ. ಇಮ್ಸಾಕ್ ಕಡ್ಡಾಯವಾಗಿರುವಷ್ಟು ಹೊತ್ತೂ ಆ ದಿನದ ಪಾವಿತ್ರ್ಯ ಉಳಿದೇ ಇರುತ್ತದೆಂಬುದು ಅವರ ವಾದ.

ಹೊಣೆಗಾರಿಕೆಯ ಷರತ್ತುಗಳು

ಪ್ರಾಯಕ್ಕೆ ಬಂದ, ಬುದ್ಧಿ ಸ್ವಾಧೀನದಲ್ಲಿರುವ, ಆ ದಿನ ಉಪವಾಸವಿರಲೇಬೇಕಾಗಿದ್ದ ವ್ಯಕ್ತಿ ತಿಳಿದು, ತನ್ನಿಚ್ಛೆಯಿಂದ ಮುರಿದಿದ್ದರೆ ಮಾತ್ರ ಹೊಣೆ. ಮರೆತು ಉಂಡವನ ಉಪವಾಸ ಮುರಿಯುವುದೇ ಇಲ್ಲವೆಂಬುದು ಹದೀಸಿನ ಆಧಾರದ ಬಹುಮತ. ಮಾಲಿಕಿಗಳು ಮಾತ್ರ ಕಝಾ ಕೇಳುತ್ತಾರೆ. ಸಂಭೋಗಕ್ಕೆ ಮರೆವಿನ ನೆಪವಿಲ್ಲವೆಂಬುದು ಹಂಬಲಿ ಮದ್‌ಹಬ್‌ನ ಪ್ರಸಿದ್ಧ ಅಭಿಪ್ರಾಯ. ಬೆಳಗಾಗಿಲ್ಲವೆಂದು ತಪ್ಪು ತಿಳಿದು ಸಹರಿ ಮುಂದುವರಿಸಿದವರಿಗೂ, ಹೊತ್ತು ಮುಳುಗಿತೆಂದು ಭಾವಿಸಿ ಇಫ್ತಾರ್ ಮಾಡಿದವರಿಗೂ ಹನಫಿಗಳು ಕಝಾವನ್ನಷ್ಟೇ ಹೇಳುತ್ತಾರೆ.

ಹನಫಿ ಮದ್‌ಹಬ್‌ನಲ್ಲಿ ಇನ್ನೆರಡು ವಿನಾಯಿತಿಗಳಿವೆ. ಉಪವಾಸದ ಸಂಕಲ್ಪವನ್ನು ರಾತ್ರಿಯೇ ಮಾಡದೆ ಬೆಳಗಾದ ಮೇಲೆ ಮಾಡಿದ್ದರೆ, ಆ ಉಪವಾಸ ಮುರಿದದ್ದಕ್ಕೆ ಅಬೂ ಹನೀಫಾ ಪ್ರಕಾರ ಕಫ್ಫಾರಾ ಇಲ್ಲ. ಮುರಿದ ದಿನವೇ ಸಂಜೆಯೊಳಗೆ ಉಪವಾಸ ಬಿಡಬಹುದಾದಷ್ಟು ಕಾಯಿಲೆ ಬಿದ್ದರೆ ಅಥವಾ ಹೆಂಗಸು ಮುಟ್ಟಾದರೆ ಕಫ್ಫಾರಾ ಬಿದ್ದುಹೋಗುತ್ತದೆ. ತಾನಾಗಿ ಪ್ರಯಾಣ ಹೊರಟರೆ ಬೀಳುವುದಿಲ್ಲ.

ಹೆಣ್ಣಿನ ಹೊಣೆಯ ಬಗ್ಗೆ ಹದೀಸು ಮೌನವಾಗಿದೆ. ಬಂದವನು ಗಂಡು, ಉತ್ತರವೂ ಅವನಿಗೇ. ಈ ಮೌನವನ್ನು ಶಾಫಿಈಗಳು ವಿನಾಯಿತಿಯೆಂದು ಓದಿ ಗಂಡಿನ ಮೇಲೊಂದೇ ಕಫ್ಫಾರಾ ಹೊರಿಸಿದರು. ಸಮ್ಮತಿಯಿದ್ದ ಹೆಣ್ಣಿಗೂ ಪ್ರತ್ಯೇಕ ಕಫ್ಫಾರಾ ಉಂಟೆಂದು ಹನಫಿ, ಮಾಲಿಕಿ, ಹಂಬಲಿಗಳು ಹೇಳುತ್ತಾರೆ. ಬಲಾತ್ಕಾರಕ್ಕೊಳಗಾದವಳಿಗೆ ಇಲ್ಲ.

ಕಫ್ಫಾರಾ ರಂಜಾನಿನ ಉಪವಾಸಕ್ಕೇ ಮೀಸಲು. ಹರಕೆಯ ಉಪವಾಸ, ಐಚ್ಛಿಕ ಉಪವಾಸ, ಕಝಾ ಉಪವಾಸ ಇವನ್ನು ಮುರಿದರೆ ನಾಲ್ಕೂ ಸುನ್ನಿ ಮದ್‌ಹಬ್‌ಗಳಲ್ಲಿ ಕಫ್ಫಾರಾ ಬರುವುದಿಲ್ಲ.

ಪ್ರಾಯಶ್ಚಿತ್ತದ ರೂಪಗಳು

ಹನಫಿ, ಶಾಫಿಈ, ಹಂಬಲಿಗಳಲ್ಲಿ ಮೂರು ರೂಪಗಳೂ ಕ್ರಮಬದ್ಧ. ಮೊದಲನೆಯದು ಆಗದಿದ್ದರಷ್ಟೇ ಎರಡನೆಯದು, ಅದೂ ಆಗದಿದ್ದರೆ ಮೂರನೆಯದು. ಮಾಲಿಕಿಗಳಲ್ಲಿ ಆಯ್ಕೆ ಇದೆ. ಬಡವರಿಗೆ ನೇರವಾಗಿ ಉಪಯೋಗವಾಗುವುದೆಂದು ಅನ್ನದಾನವನ್ನೇ ಅವರು ಶ್ರೇಷ್ಠವೆಂದು ಎಣಿಸುತ್ತಾರೆ. ಹಂಬಲಿ ಪಂಥದ ಮೂಲಪುರುಷ ಇಮಾಮ್ ಅಹ್ಮದರ ಹೆಸರಿನಲ್ಲಿಯೂ ಆಯ್ಕೆಯ ಪರವಾದ ಒಂದು ಅಭಿಪ್ರಾಯ ದಾಖಲಾಗಿದೆ.

ಗುಲಾಮ ವಿಮೋಚನೆ: ಬಿಡುಗಡೆಯಾಗುವವರು ಮುಸ್ಲಿಮರಾಗಿರಬೇಕೆಂದು ಮೂರು ಮದ್‌ಹಬ್‌ಗಳು ಹೇಳಿದರೆ, ಹನಫಿಗಳು ಧರ್ಮದ ಷರತ್ತು ಹಾಕಲಿಲ್ಲ. ಬ್ರಿಟಿಷ್ ಭಾರತದಲ್ಲಿ 1843ರ 5ನೇ ಕಾಯ್ದೆ ಗುಲಾಮಗಿರಿಗೆ ಕಾನೂನಿನ ಮಾನ್ಯತೆಯನ್ನು ತೆಗೆದುಹಾಕಿತು. ಸೌದಿ ಅರೇಬಿಯಾ 1962ರಲ್ಲಿ, ಮಾರಿಟಾನಿಯಾ 1981ರಲ್ಲಿ ಅದನ್ನು ರದ್ದುಮಾಡಿದವು. ಈ ಮೆಟ್ಟಿಲು ಈಗ ಗ್ರಂಥಗಳಲ್ಲಿ ಮಾತ್ರ ಇದೆ.

ಎರಡು ತಿಂಗಳ ಉಪವಾಸ: ಚಾಂದ್ರಮಾಸದ ಮೊದಲ ದಿನ ಆರಂಭಿಸಿದರೆ ಎರಡು ಪೂರ್ಣ ಮಾಸಗಳು. ಮಾಸಕ್ಕೆ 29 ಅಥವಾ 30 ದಿನವಿರುವುದರಿಂದ ಒಟ್ಟು 58 ದಿನವೂ ಆಗಬಹುದು. ನಡುವೆ ಆರಂಭಿಸಿದರೆ 60 ದಿನ ಎಣಿಸುವುದು ವಾಡಿಕೆ. ಸಕಾರಣವಿಲ್ಲದೆ ಒಂದು ದಿನ ತಪ್ಪಿದರೂ ಮೊದಲಿನಿಂದ ಶುರುಮಾಡಬೇಕು. ಐವತ್ತೊಂಬತ್ತನೆಯ ದಿನ ತಪ್ಪಿದರೂ ಇದೇ ನಿಯಮ. ಮುಟ್ಟಿನ ದಿನಗಳು ಸಾತತ್ಯವನ್ನು ಕಡಿಯುವುದಿಲ್ಲ. ಕಾಯಿಲೆಯ ಬಗ್ಗೆ ಮತಭೇದವಿದೆ. ಹನಫಿಗಳು ಮತ್ತು ಶಾಫಿಈಗಳು ಕಡಿಯುತ್ತದೆನ್ನುತ್ತಾರೆ, ಮಾಲಿಕಿಗಳು ಮತ್ತು ಹಂಬಲಿಗಳು ಇಲ್ಲವೆನ್ನುತ್ತಾರೆ. ಈದುಲ್ ಫಿತ್ರ್, ಬಕ್ರೀದ್ ಮತ್ತು ಬಕ್ರೀದಿನ ನಂತರದ ಮೂರು ದಿನಗಳಲ್ಲಿ ಉಪವಾಸ ನಿಷಿದ್ಧವಾದ್ದರಿಂದ ಆ ದಿನಗಳು ನಡುವೆ ಬಾರದಂತೆ ಆರಂಭದ ದಿನವನ್ನು ಗೊತ್ತುಮಾಡಿಕೊಳ್ಳಬೇಕು.

ಅರವತ್ತು ಬಡವರಿಗೆ ಆಹಾರ: ಉಪವಾಸವಿರಲು ದೇಹಶಕ್ತಿಯಿಲ್ಲದವರಿಗೆ ಈ ವಿಧಿ. ಹಣವಿದೆ, ಹಸಿದಿರಲು ಮನಸ್ಸಿಲ್ಲ ಎಂಬುದು ಕ್ರಮವನ್ನು ಒಪ್ಪುವ ಮದ್‌ಹಬ್‌ಗಳಲ್ಲಿ ಕಾರಣವಾಗದು. ಪ್ರಮಾಣದ ಲೆಕ್ಕ ಹದೀಸಿನ ಖರ್ಜೂರದ ಬುಟ್ಟಿಗೇ ಹೋಗುತ್ತದೆ. ಅದರಲ್ಲಿ 15 ಸಾಅ್ (ಧಾನ್ಯ ಅಳೆಯುವ ಹಳೆಯ ಮಾನ) ಹಿಡಿಯುತ್ತಿತ್ತೆಂದು ವರದಿಗಳಿವೆ. ಒಂದು ಸಾಅ್ ಎಂದರೆ 4 ಮುದ್ದ್. ಬುಟ್ಟಿಗೆ 60 ಮುದ್ದ್. ಆದ್ದರಿಂದ ತಲೆಗೊಂದು ಮುದ್ದ್ ಎಂದು ಮಾಲಿಕಿಗಳೂ ಶಾಫಿಈಗಳೂ ನಿರ್ಧರಿಸಿದರು. ಹಂಬಲಿಗಳಲ್ಲಿ ಗೋಧಿಯಾದರೆ ಒಂದು ಮುದ್ದ್, ಬೇರೆ ಧಾನ್ಯವಾದರೆ ಅರ್ಧ ಸಾಅ್. ಹನಫಿಗಳು ಗೋಧಿಯಲ್ಲಿ ಅರ್ಧ ಸಾಅ್, ಖರ್ಜೂರ ಅಥವಾ ಜವೆಯಲ್ಲಿ ಒಂದು ಸಾಅ್ ಕೇಳುತ್ತಾರೆ. ಅವರು ಬಳಸುವ ಇರಾಕಿ ಸಾಅ್ 8 ರತ್ಲ್ (ಹಳೆಯ ತೂಕದ ಮಾನ), ಮದೀನಾದ ಸಾಅ್ ಐದೂ ಮೂರರಲ್ಲೊಂದು ರತ್ಲ್. ಹಾಗಾಗಿ ವ್ಯತ್ಯಾಸ ಇನ್ನೂ ಹಿಗ್ಗುತ್ತದೆ. ಇಂದಿನ ತೂಕದಲ್ಲಿ ಹನಫಿಗಳ ಅರ್ಧ ಸಾಅ್ 1.6 ಕಿಲೋಗ್ರಾಮಿಗೂ ತುಸು ಹೆಚ್ಚೆಂದು ಭಾರತದ ಮುಫ್ತಿಗಳು ಲೆಕ್ಕಹಾಕುತ್ತಾರೆ. ಅರವತ್ತು ಮಂದಿಗೆ ಅದು ಹೆಚ್ಚುಕಡಿಮೆ ಒಂದು ಕ್ವಿಂಟಾಲ್ ಗೋಧಿ.

ಕೊಡುವ ಬಗೆಯಲ್ಲಿ ಹನಫಿಗಳು ಉದಾರಿಗಳು. ಧಾನ್ಯದ ಬದಲು ಬೆಲೆ ಕೊಡಬಹುದು, ಅರವತ್ತು ಮಂದಿಗೆ ಎರಡು ಹೊತ್ತು ಹೊಟ್ಟೆತುಂಬ ಉಣಿಸಬಹುದು, ಒಬ್ಬನೇ ಬಡವನಿಗೆ ಅರವತ್ತು ದಿನ ಉಣಿಸಲೂಬಹುದು. ಆದರೆ ಅರವತ್ತು ಪಾಲನ್ನೂ ಒಂದೇ ದಿನ ಒಬ್ಬನ ಕೈಗೆ ಹಾಕಿದರೆ ಅದು ಒಂದು ಪಾಲಾಗಿಯೇ ಎಣಿಕೆಯಾಗುತ್ತದೆ. ಉಳಿದ ಮದ್‌ಹಬ್‌ಗಳಲ್ಲಿ ಅರವತ್ತು ಬೇರೆ ಬೇರೆ ಜನರೇ ಆಗಬೇಕು. ಹಣ ಸಲ್ಲದೆಂಬುದು ಅವುಗಳ ಹಳೆಯ ನಿಲುವು.

ಮೂರೂ ಆಗದವನಿಗೆ ಏನು ಗತಿ? ಹದೀಸಿನ ವ್ಯಕ್ತಿ ಬುಟ್ಟಿಯನ್ನು ಮನೆಗೇ ಒಯ್ದನಾದ್ದರಿಂದ ಅವನ ಕಫ್ಫಾರಾ ಬಿದ್ದುಹೋಯಿತೆಂದು ಹಂಬಲಿಗಳು ತೀರ್ಮಾನಿಸಿದರು. ಅದು ಸಾಲದಂತೆ ಉಳಿದು, ಶಕ್ತಿ ಬಂದಾಗ ತೀರಿಸತಕ್ಕದ್ದೆಂದು ಶಾಫಿಈಗಳು ಹೇಳಿದರು.

ಪುನರಾವೃತ್ತಿ

ಒಂದೇ ರಂಜಾನಿನಲ್ಲಿ ಹಲವು ದಿನ ಮುರಿದು, ನಡುವೆ ಕಫ್ಫಾರಾ ತೀರಿಸದಿದ್ದರೆ ಎಲ್ಲಕ್ಕೂ ಸೇರಿ ಒಂದೇ ಸಾಕೆಂದು ಹನಫಿಗಳು ಹೇಳುತ್ತಾರೆ. ದಿನಕ್ಕೊಂದು ಕಝಾ ಮಾತ್ರ ಬೇರೆ. ಮಾಲಿಕಿಗಳಿಗೂ ಶಾಫಿಈಗಳಿಗೂ ಪ್ರತಿಯೊಂದು ದಿನವೂ ಸ್ವತಂತ್ರ ಆರಾಧನೆ, ಆದ್ದರಿಂದ ದಿನಕ್ಕೊಂದು ಕಫ್ಫಾರಾ. ಹತ್ತು ದಿನ ಮುರಿದವನಿಗೆ ಒಂದು ಕಡೆ ಎರಡು ತಿಂಗಳು, ಇನ್ನೊಂದು ಕಡೆ ಇಪ್ಪತ್ತು ತಿಂಗಳು. ಮದ್‌ಹಬ್‌ಗಳ ಅಂತರ ಪ್ರಾಯೋಗಿಕವಾಗಿ ಅತಿ ಹೆಚ್ಚು ತಟ್ಟುವುದು ಇಲ್ಲೇ.

ಕೊರ್ಡೋಬಾದ ಫತ್ವಾ

ಸ್ಪೇನಿನ ಉಮಯ್ಯದ್ ಅಮೀರ್ ಎರಡನೆಯ ಅಬ್ದುರ್ರಹ್ಮಾನ್ (ಆಳ್ವಿಕೆ 822–852) ರಂಜಾನ್ ಹಗಲಿನಲ್ಲಿ ಸಂಭೋಗಿಸಿ ವಿದ್ವಾಂಸರ ಮೊರೆಹೊಕ್ಕಾಗ, ಮಾಲಿಕಿ ಪಂಡಿತ ಯಹ್ಯಾ ಇಬ್ನ್ ಯಹ್ಯಾ ಲೈಸಿ ಎರಡು ತಿಂಗಳ ಉಪವಾಸವೊಂದೇ ದಾರಿಯೆಂದು ಫತ್ವಾ ಕೊಟ್ಟರೆಂಬ ವರದಿ ನ್ಯಾಯಮೀಮಾಂಸೆಯ ಗ್ರಂಥಗಳಲ್ಲಿ ಪ್ರಸಿದ್ಧ. ಮಾಲಿಕಿ ನಿಯಮದಂತೆ ಆಯ್ಕೆ ಏಕೆ ಕೊಡಲಿಲ್ಲವೆಂದು ಜೊತೆಯವರು ಕೇಳಿದಾಗ, ದೊರೆಗೆ ಗುಲಾಮರನ್ನು ಬಿಡುಗಡೆ ಮಾಡುವುದು ಸುಲಭ, ಆ ಬಾಗಿಲು ತೆರೆದರೆ ತಪ್ಪು ನಿತ್ಯವೂ ನಡೆದೀತೆಂಬುದು ಅವರ ಸಮಾಧಾನವಾಗಿತ್ತು. ಮುವತ್ತಾ ಗ್ರಂಥದ ಅತಿ ಪ್ರಚಲಿತ ಪಾಠವನ್ನು ಉಳಿಸಿಕೊಟ್ಟವರು ಇದೇ ಯಹ್ಯಾ. ಆ ಪಾಠದಲ್ಲಿಯೇ ‘ಅಥವಾ’ ಇದೆ. ಗಜ್ಜಾಲಿ (ಮರಣ 1111) ಮೊದಲಾದವರು ಈ ಫತ್ವಾವನ್ನು ತಿರಸ್ಕರಿಸಿದರು. ಆಧಾರವಚನ ಸ್ಪಷ್ಟವಾಗಿರುವಾಗ ಲೋಕಹಿತದ ಹೆಸರಿನಲ್ಲಿ ಅದನ್ನು ಮೀರುವುದು ಸಲ್ಲದು, ಹಾಗೆ ಮಾಡಿದರೆ ಶಾಸ್ತ್ರದ ಮಿತಿಗಳೇ ಬದಲಾದಾವೆಂಬುದು ಅವರ ಆಕ್ಷೇಪ. ಆಧಾರವಚನಕ್ಕೆ ವಿರುದ್ಧವಾದ್ದರಿಂದ ಶಾಸ್ತ್ರ ಒಪ್ಪದ ‘ತಿರಸ್ಕೃತ ಹಿತ’ಕ್ಕೆ ಇಂದಿಗೂ ಪಾಠಶಾಲೆಗಳಲ್ಲಿ ಹೇಳುವ ದೃಷ್ಟಾಂತ ಇದೇ.

ಶಿಯಾ ಮತ್ತು ಇತರ ನಿಲುವುಗಳು

ಜಅಫರಿ ಶಿಯಾ ಮದ್‌ಹಬ್‌ನಲ್ಲಿ ಊಟ, ನೀರು, ಸಂಭೋಗ ಎಲ್ಲಕ್ಕೂ ಕಫ್ಫಾರಾ ಉಂಟು, ಮೂರರಲ್ಲಿ ಆಯ್ಕೆಯೂ ಉಂಟು. ಎರಡು ತಿಂಗಳಲ್ಲಿ 31 ದಿನ ಸತತವಾಗಿದ್ದರೆ ಸಾಕು, ಉಳಿದವನ್ನು ಬಿಡಿಯಾಗಿ ಮುಗಿಸಬಹುದು. ತಲೆಗೆ ಒಂದು ಮುದ್ದ್, ಅಂದರೆ ಸುಮಾರು 750 ಗ್ರಾಂ ಧಾನ್ಯ. ಮದ್ಯ, ವ್ಯಭಿಚಾರದಂಥ ನಿಷಿದ್ಧಗಳಿಂದ ಮುರಿದವರು ಮೂರನ್ನೂ ಒಟ್ಟಿಗೆ ಮಾಡಬೇಕೆಂಬ ಅಭಿಪ್ರಾಯವಿದೆ. ಈಗಿನ ಅನೇಕ ವಿದ್ವಾಂಸರು ಅದನ್ನು ಮುನ್ನೆಚ್ಚರಿಕೆಯೆಂದು ಪರಿಗಣಿಸುತ್ತಾರೆ. ರಂಜಾನಿನ ಕಝಾ ಉಪವಾಸವನ್ನು ಮಧ್ಯಾಹ್ನದ ನಂತರ ಮುರಿದರೆ ಇಲ್ಲಿ ಹತ್ತು ಬಡವರಿಗೆ ಆಹಾರ, ಆಗದಿದ್ದರೆ ಮೂರು ದಿನ ಉಪವಾಸವಿದೆ.

ಝಾಹಿರಿ ಪಂಥದ ಇಬ್ನ್ ಹಝ್ಮ್ (ಮರಣ 1064) ಬೇಕೆಂದೇ ಬಿಟ್ಟ ಉಪವಾಸಕ್ಕೆ ಕಝಾವೇ ಇಲ್ಲವೆಂದರು. ಇದು ರಿಯಾಯಿತಿಯಲ್ಲ, ಕಳೆದುಹೋದ ಆ ದಿನ ಮರಳಿ ಸಿಗದು, ಪಶ್ಚಾತ್ತಾಪವೊಂದೇ ಗತಿ ಎಂಬ ಕಠಿಣ ನಿಲುವು.

ಇಂದಿನ ಸ್ಥಿತಿ

ಆಧುನಿಕ ಪ್ರಶ್ನೆಗಳಲ್ಲಿ ಹೆಚ್ಚಿನವು ಔಷಧೋಪಚಾರದವು. ಜಿದ್ದಾದ ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್‌ಹ್ ಅಕಾಡೆಮಿ 1997ರ ತನ್ನ ಹತ್ತನೆಯ ಅಧಿವೇಶನದಲ್ಲಿ ಕಣ್ಣಿನ ಹನಿ, ಕಿವಿಯ ಹನಿ, ಪೋಷಕಾಂಶವಿಲ್ಲದ ಚುಚ್ಚುಮದ್ದು ಮೊದಲಾದವು ಉಪವಾಸ ಮುರಿಯುವುದಿಲ್ಲವೆಂದು ನಿರ್ಣಯಿಸಿತು. ಕಾಯಿಲೆಯ ನಿಜವಾದ ಅಗತ್ಯಕ್ಕೆ ಉಪವಾಸ ಬಿಟ್ಟವರ ಮೇಲೆ ಯಾವ ಮದ್‌ಹಬ್‌ನಲ್ಲಿಯೂ ಕಫ್ಫಾರಾ ಇಲ್ಲ.

ಅನ್ನದಾನದ ಭಾಗವನ್ನು ಈಗ ಹಲವೆಡೆ ಧರ್ಮಾರ್ಥ ಸಂಸ್ಥೆಗಳು ವಹಿಸಿಕೊಂಡು, ತಲೆಗಿಷ್ಟು ಎಂದು ಗೊತ್ತುಮಾಡಿದ ಮೊತ್ತದ ಅರವತ್ತು ಪಟ್ಟನ್ನು ಸ್ವೀಕರಿಸುತ್ತವೆ. ಎರಡು ತಿಂಗಳ ಉಪವಾಸದ ಮಾತೆತ್ತದೆ ನೇರವಾಗಿ ಹಣದ ಲೆಕ್ಕಕ್ಕೆ ಬರುವ ರೂಢಿ ಇದರಿಂದ ಬೆಳೆದಿದೆ. ಮಾಲಿಕಿ, ಜಅಫರಿ ನಿಲುವುಗಳನ್ನು ಬಿಟ್ಟರೆ ಅದಕ್ಕೆ ಶಾಸ್ತ್ರದ ಬೆಂಬಲ ದುರ್ಬಲ.

ಕಫ್ಫಾರಾ ವ್ಯಕ್ತಿ ಮತ್ತು ದೇವರ ನಡುವಿನ ಹೊಣೆ; ಸರ್ಕಾರ ವಸೂಲಿ ಮಾಡುವ ದಂಡವಲ್ಲ. ರಂಜಾನಿನಲ್ಲಿ ಬಹಿರಂಗವಾಗಿ ತಿನ್ನುವುದನ್ನು ಶಿಕ್ಷಿಸುವ ಕುವೈತಿನ 1968ರ ಕಾನೂನು, ಪಾಕಿಸ್ತಾನದ 1981ರ ಸುಗ್ರೀವಾಜ್ಞೆ, ಮೊರಾಕ್ಕೊ ದಂಡಸಂಹಿತೆಯ 222ನೆಯ ವಿಧಿ ಇವುಗಳನ್ನು ಕಫ್ಫಾರಾದೊಂದಿಗೆ ಬೆರೆಸಬಾರದು.

ಕರ್ನಾಟಕದಲ್ಲಿ ಎರಡು ಮದ್‌ಹಬ್‌ಗಳ ವ್ಯತ್ಯಾಸ ಭೂಗೋಳದೊಂದಿಗೆ ಹೊಂದಿಕೊಂಡಿದೆ. ಒಳನಾಡಿನ ಉರ್ದು, ದಖ್ಖನಿ ಮಾತಾಡುವ ಮುಸ್ಲಿಮರಲ್ಲಿ ಬಹುಪಾಲು ಹನಫಿಗಳು; ಇವರಲ್ಲಿ ಉಪವಾಸಕ್ಕೆ ರೋಜಾ ಎಂಬ ಹೆಸರು. ಕರಾವಳಿಯ ಬ್ಯಾರಿಗಳು ಮತ್ತು ಭಟ್ಕಳದ ನವಾಯತರು ಶಾಫಿಈಗಳು. ಬ್ಯಾರಿಗಳು ನೋಂಬು ಎನ್ನುತ್ತಾರೆ. ಪೊನ್ನಾನಿಯ ಝೈನುದ್ದೀನ್ ಮಖ್ದೂಂ 16ನೇ ಶತಮಾನದಲ್ಲಿ ಬರೆದ ಶಾಫಿಈ ಗ್ರಂಥ ಫತ್‌ಹುಲ್ ಮುಈನ್ ಕೇರಳದಂತೆ ದಕ್ಷಿಣ ಕನ್ನಡದ ಮಸೀದಿಗಳಲ್ಲಿ ನಡೆಯುವ ಪಾಠವರ್ಗಗಳಾದ ದರ್ಸ್‌ಗಳಲ್ಲಿಯೂ ಪಠ್ಯವಾಗಿದೆ. ಬೇಕೆಂದೇ ಚಹಾ ಕುಡಿದು ಉಪವಾಸ ಮುರಿದ ಕಲಬುರಗಿಯ ಹನಫಿಗೆ ಎರಡು ತಿಂಗಳ ಉಪವಾಸ ಬರುತ್ತದೆ. ಅದನ್ನೇ ಮಾಡಿದ ಉಳ್ಳಾಲದ ಶಾಫಿಈಗೆ ಪಶ್ಚಾತ್ತಾಪ ಮತ್ತು ಒಂದು ದಿನದ ಕಝಾ. ಶಾಫಿಈಗಳು ಕೊಡುವುದು ಊರಿನ ಮುಖ್ಯ ಆಹಾರಧಾನ್ಯವನ್ನು, ಕರಾವಳಿಯಲ್ಲಿ ಅಕ್ಕಿಯನ್ನು. ಕೇರಳದ ವಿದ್ವಾಂಸರು ಒಂದು ಮುದ್ದನ್ನು 800 ಮಿಲಿಲೀಟರ್ ಅಳತೆಗೆ ಸಮವೆಂದು ಹಿಡಿದಿದ್ದಾರೆ. ಆ ಲೆಕ್ಕದಲ್ಲಿ ಪೂರ್ಣ ಕಫ್ಫಾರಾ 48 ಲೀಟರ್ ಅಕ್ಕಿ. ಭಾರತದ 1937ರ ಮುಸ್ಲಿಂ ವೈಯಕ್ತಿಕ ಕಾನೂನು (ಶರೀಅತ್) ಅನ್ವಯ ಕಾಯ್ದೆ ಮದುವೆ, ವಿಚ್ಛೇದನ, ಉತ್ತರಾಧಿಕಾರ, ವಕ್ಫ್ ಮುಂತಾದವನ್ನು ಒಳಗೊಂಡಿದೆ. ಉಪವಾಸವಾಗಲಿ ಅದರ ಕಫ್ಫಾರಾವಾಗಲಿ ಅದರ ವ್ಯಾಪ್ತಿಯಲ್ಲಿಲ್ಲ.